ಮೂಲೆ ಕಾಯುವವರನ್ನು ಕೊಳ್ಳುವುದೋ, ಬೆಳೆಸುವುದೋ?



ದತ್ತಿ ಉಪನ್ಯಾಸ ಎಂದರೆ ವಚನ, ಶಾಸನ, ಪಾಳೆಯಗಾರರ ಚರಿತ್ರೆ ಎಂದುಕೊಂಡು ಬಂದವರಿಗೆ ಇವತ್ತಿನ ವಿಷಯ ಸ್ವಲ್ಪ ಸಪ್ಪೆ ಎನಿಸಬಹುದು. ನಾನು ಮಾತಾಡುವುದು ಕಬಡ್ಡಿಯ ಬಗ್ಗೆ. ಅದರಲ್ಲೂ ತೊಡೆ ತಟ್ಟಿ ಹೋಗಿ ಚಪ್ಪಾಳೆ ಗಿಟ್ಟಿಸುವ ರೈಡರ್ ಬಗ್ಗೆ ಅಲ್ಲ. ಅಂಕಣದ ಹಿಂದೆ, ಮೂಲೆಯಲ್ಲಿ, ಪಕ್ಕದವನ ಕೈ ಹಿಡಿದು ಕಾಯುವವನ ಬಗ್ಗೆ. ಇಂಗ್ಲಿಷಿನವರು ಅವನನ್ನು ಡಿಫೆಂಡರ್ ಎನ್ನುತ್ತಾರೆ, ನಮ್ಮ ಹಳ್ಳಿಯ ಮೈಕಿನಲ್ಲಿ ಕ್ಯಾಚರ್ ಎಂದು ಕೂಗುತ್ತಾರೆ. ಹಣ ಕೊಟ್ಟು ಆಡಿಸುವ ತಂಡವೊಂದು ಅಂಥವನನ್ನು ಹರಾಜಿನಲ್ಲಿ ಕೊಳ್ಳಬೇಕೋ, ಹುಡುಗನಾಗಿದ್ದಾಗಲೇ ತಂದು ಬೆಳೆಸಬೇಕೋ? ಪ್ರಶ್ನೆ ಇಷ್ಟೇ. ತಂಡದ ಮಾಲೀಕರಿಗೆ ಇದು ಲೆಕ್ಕದ ಪ್ರಶ್ನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ನಮಗೆ ಇದು ಮಕ್ಕಳ ಪ್ರಶ್ನೆ. ಕೊಳ್ಳುವವರು ಎಲ್ಲೋ ಇದ್ದಾರೆ. ಬೆಳೆಸುವ ಕೆಲಸ ಮಾತ್ರ ಯಾವುದಾದರೊಂದು ಊರಿನಲ್ಲೇ ಆಗಬೇಕು.

ಹಿಡಿತ ಎಂಬ ವಿದ್ಯೆ

ಮೊದಲು ಆಟದ ಅಳತೆ ನೋಡೋಣ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅರ್ಧ ಮಾಡಿದರೆ ಒಂದು ತಂಡದ ಪಾಲಿಗೆ ಆರೂವರೆ ಮೀಟರ್ ಆಳ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್. ಈ ಚಿಕ್ಕ ಜಾಗದಲ್ಲಿ ಏಳು ಜನ ನಿಲ್ಲುತ್ತಾರೆ: ಎರಡು ಕಾರ್ನರ್, ಎರಡು ಇನ್, ಎರಡು ಕವರ್, ಒಂದು ಸೆಂಟರ್. ರೈಡರ್‌ಗೆ 30 ಸೆಕೆಂಡ್ ಸಮಯ. ಅಷ್ಟರಲ್ಲಿ ಅವನು ಒಬ್ಬನೇ ಏಳು ಜನರ ಮನಸ್ಸು ಓದಬೇಕು. ಏಳೂ ಜನ ಸೇರಿ ಅವನೊಬ್ಬನ ಮನಸ್ಸು ಓದಬೇಕು.

ಎರಡನೆಯ ಕೆಲಸ ಸುಲಭ ಎಂದು ನೋಡುವವರಿಗೆ ಅನಿಸುತ್ತದೆ, ಏಳು ಜನ ಇದ್ದಾರಲ್ಲ ಎಂದು. ನಿಜವಾಗಿ ಅದೇ ಕಷ್ಟ. ಕಾರ್ನರ್‌ನಲ್ಲಿ ನಿಂತವನು ರೈಡರ್‌ನ ಮುಖ ನೋಡಬಾರದು, ಕಾಲು ನೋಡಬೇಕು. ಬೋನಸ್‌ಗೆ ಕಾಲು ಚಾಚಿದವನ ಭಾರ ಯಾವ ಕಾಲಿನ ಮೇಲಿದೆ ಎಂದು ತಿಳಿದ ಕ್ಷಣದಲ್ಲಿ ಬಗ್ಗಿ ಕಣಕಾಲಿಗೆ ಕೈ ಹಾಕಬೇಕು. ಅದು ಆಂಕಲ್ ಹೋಲ್ಡ್. ಕಾಲು ಸಿಕ್ಕಿತು ಎಂದುಕೊಳ್ಳಿ, ರೈಡರ್ ಇನ್ನೂ ಬಿದ್ದಿಲ್ಲ. ಒಂದು ಕಾಲಿನ ಮೇಲೆ ಕುಪ್ಪಳಿಸಿ ನಡುಗೆರೆಯ ಕಡೆ ದೇಹ ಎಸೆಯುತ್ತಾನೆ. ಆಗ ಕವರ್‌ನಲ್ಲಿದ್ದವನು ಅವನ ಸೊಂಟಕ್ಕೆ ಅಡ್ಡ ಬರಬೇಕು, ಅಥವಾ ಭುಜ ಕೊಟ್ಟು ಹೊರಗೆರೆಯ ಕಡೆ ಡ್ಯಾಶ್ ಮಾಡಬೇಕು. ಅರ್ಧ ಸೆಕೆಂಡ್ ಮೊದಲು ಬಂದರೆ ರೈಡರ್ ಎಚ್ಚರಗೊಳ್ಳುತ್ತಾನೆ, ಅರ್ಧ ಸೆಕೆಂಡ್ ತಡವಾದರೆ ಅವನ ಬೆರಳು ಗೆರೆ ಮುಟ್ಟಿರುತ್ತದೆ.

ಆಟದ ಎರಡು ನಿಯಮಗಳನ್ನು ಇಲ್ಲಿ ಗಮನಿಸಿ. ಹಿಡಿತ ಸಫಲವಾದರೆ ತಂಡಕ್ಕೆ ಒಂದು ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದರೆ ಸೂಪರ್ ಟ್ಯಾಕಲ್, ಎರಡು ಅಂಕ. ಹಿಡಿತ ತಪ್ಪಿದರೆ ಮಾತ್ರ ಮೈ ಮುಟ್ಟಿದ ಪ್ರತಿಯೊಬ್ಬನೂ ಔಟ್. ನಾಲ್ವರು ಮೇಲೆ ಬಿದ್ದು ಬಿಟ್ಟುಕೊಟ್ಟರೆ ನಾಲ್ಕು ಅಂಕ ಹೋಯಿತು. ಅಂದರೆ ಯಾರು ನುಗ್ಗಬೇಕು ಎನ್ನುವಷ್ಟೇ ಯಾರು ಸುಮ್ಮನಿರಬೇಕು ಎನ್ನುವುದೂ ಈ ವಿದ್ಯೆಯ ಭಾಗ. ಬಲವಿದ್ದು ಹೊಂದಾಣಿಕೆ ಇಲ್ಲದ ತಂಡ, ಬಲವೇ ಇಲ್ಲದ ತಂಡಕ್ಕಿಂತ ಬೇಗ ಆಲೌಟ್ ಆಗುವುದು ಇದೇ ಕಾರಣಕ್ಕೆ.

ಎರಡನೆಯ ನಿಯಮ ಅಂಕಪಟ್ಟಿಯದು. ಹಿಡಿದವರು ಮೂವರಾದರೂ ಟ್ಯಾಕಲ್ ಅಂಕ ಒಬ್ಬನ ಹೆಸರಿಗೆ ಬರೆಯಲಾಗುತ್ತದೆ. ಸಾಮಾನ್ಯವಾಗಿ ಅದು ಮೊದಲು ಕೈ ಹಾಕಿದ ಕಾರ್ನರ್‌ನವನದು. ಸೊಂಟಕ್ಕೆ ಅಡ್ಡ ಬಂದು ನಿಜವಾಗಿ ಕೆಡವಿದ ಕವರ್‌ನವನಿಗೆ ಬೆನ್ನು ತಟ್ಟಿಸಿಕೊಳ್ಳುವುದಷ್ಟೇ ಬಂತು. ಹರಾಜಿನಲ್ಲಿ ಕೂತವರು ನೋಡುವುದು ಅಂಕಪಟ್ಟಿಯನ್ನು. ಮೂವರು ಮಾಡಿದ ಕೆಲಸವನ್ನು ಒಬ್ಬನ ಹೆಸರಿನಲ್ಲಿ ಕೊಳ್ಳಲು ಹೊರಟಾಗಲೇ ಲೆಕ್ಕ ತಪ್ಪಲು ಶುರುವಾಗುತ್ತದೆ.

ಸಂತೆಯ ದರ

ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರ ಜುಲೈನಲ್ಲಿ, ಎಂಟು ತಂಡಗಳೊಂದಿಗೆ. 2017ರಲ್ಲಿ ತಂಡಗಳು 12 ಆದವು. ಮೊದಲ ವರ್ಷಗಳಲ್ಲಿ ಲಕ್ಷಗಳಲ್ಲಿದ್ದ ದರ 2018ರ ಹರಾಜಿನಲ್ಲಿ ಕೋಟಿ ದಾಟಿತು. ಆ ವರ್ಷ ಯು ಮುಂಬಾ ತಂಡ ಇರಾನಿನ ಫಝಲ್ ಅತ್ರಾಚಲಿಯನ್ನು 1 ಕೋಟಿಗೆ ಕೊಂಡಿತು. ಎಡ ಮೂಲೆಯಲ್ಲಿ ನಿಲ್ಲುವ ಡಿಫೆಂಡರ್‌ಗೆ ಅಷ್ಟು ಹಣ ಸಿಕ್ಕಿದ್ದು ಅದೇ ಮೊದಲು. ಅದೇ ವರ್ಷ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27-18ರಿಂದ ಸೋಲಿಸಿತು. 1990ರಲ್ಲಿ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಂದಿನಿಂದ ಚಿನ್ನ ಬಿಟ್ಟುಕೊಡದಿದ್ದ ಭಾರತ ಅಂದು ಮಣಿದದ್ದು ಮುಖ್ಯವಾಗಿ ಇರಾನಿನ ಹಿಡಿತಕ್ಕೆ.

ಇರಾನಿನ ಕಬಡ್ಡಿಯ ಹಿಂದೆ ಕುಸ್ತಿಯ ದೊಡ್ಡ ಪರಂಪರೆ ಇದೆ. ಕುಸ್ತಿ ಕಲಿತ ಮೈಗೆ ಎದುರಾಳಿಯ ಭಾರ ಎಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿರುತ್ತದೆ. ನಮ್ಮ ಗರಡಿಗಳಲ್ಲಿ ಪಟ್ಟು ಕಲಿತವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗಿನ ಹರಾಜಿನ ಕಟ್ಟಳೆ ಹೀಗಿದೆ. ಒಂದು ತಂಡ ಆಟಗಾರರ ಮೇಲೆ 5 ಕೋಟಿ ರೂಪಾಯಿ ಮಾತ್ರ ಖರ್ಚು ಮಾಡಬಹುದು. ಎ ವರ್ಗದ ಮೂಲ ಬೆಲೆ 30 ಲಕ್ಷ, ಡಿ ವರ್ಗದ್ದು 9 ಲಕ್ಷ. ಹಳೆಯ ಆಟಗಾರನನ್ನು ಬೇರೆ ತಂಡ ಹೆಚ್ಚು ಬೆಲೆಗೆ ಕೂಗಿದರೆ, ಅದೇ ಬೆಲೆ ಕೊಟ್ಟು ಉಳಿಸಿಕೊಳ್ಳುವ ಅವಕಾಶಕ್ಕೆ ಫೈನಲ್ ಬಿಡ್ ಮ್ಯಾಚ್ ಎಂದು ಹೆಸರು. ಇವೆಲ್ಲದರ ಆಚೆಗೆ ಹೊಸ ಹುಡುಗರನ್ನು ಹರಾಜಿಗೆ ಬಿಡದೆ ನೇರವಾಗಿ ತಂದು ಬೆಳೆಸಲು ‘ನ್ಯೂ ಯಂಗ್ ಪ್ಲೇಯರ್’ ಎಂಬ ದಾರಿ ಇದೆ. ನಮ್ಮ ಹುಡುಗರಿಗೆ ತೆರೆದಿರುವ ಬಾಗಿಲು ಹೆಚ್ಚಾಗಿ ಇದೇ.

ಎಲ್ಲ ತಂಡಗಳ ಗಂಟೂ ಒಂದೇ ಗಾತ್ರದ್ದಾದಾಗ, ಶ್ರೀಮಂತ ತಂಡ ಬಡ ತಂಡ ಎಂಬ ಭೇದ ಹೋಗುತ್ತದೆ. ಉಳಿಯುವುದು ಜಾಣ ತಂಡ, ದಡ್ಡ ತಂಡ ಎಂಬ ಭೇದ. ಇರಾನಿನ ಮತ್ತೊಬ್ಬ ಎಡ ಮೂಲೆಯ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿಯ ಉದಾಹರಣೆ ನೋಡಿ. 8ನೇ ಆವೃತ್ತಿಗೆ ಪಟ್ನಾ ಪೈರೇಟ್ಸ್ ಅವನನ್ನು 31 ಲಕ್ಷಕ್ಕೆ ತಂದಿತು. ಆ ಆವೃತ್ತಿಯ ಅತ್ಯುತ್ತಮ ಡಿಫೆಂಡರ್ ಅವನೇ ಆದ. 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ಅವನಿಗೆ ಕೊಟ್ಟದ್ದು 2 ಕೋಟಿ 35 ಲಕ್ಷ, ಹೆಚ್ಚುಕಡಿಮೆ ಇಡೀ ಗಂಟಿನ ಅರ್ಧ. ಪಟ್ನಾ ಗುರುತಿಸಿದ್ದರ ಲಾಭ ಪಟ್ನಾಕ್ಕೆ ಎರಡು ಆವೃತ್ತಿ ಸಿಕ್ಕಿತು. ಆಮೇಲೆ ಸಂತೆ ಅವನ ಬೆಲೆಯನ್ನು ಸರಿಪಡಿಸಿತು.

ಒಂದೇ ಕೆಲಸ, ಎರಡು ಫಲ

ಈಗ ಎರಡು ಖರೀದಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಮೊದಲನೆಯದು ನಮ್ಮ ಬೆಂಗಳೂರು ಬುಲ್ಸ್ ಮಾಡಿದ್ದು.

2015ರ ಆಗಸ್ಟ್‌ನಲ್ಲಿ ಎರಡನೇ ಆವೃತ್ತಿಯ ಫೈನಲ್. ಮಂಜೀತ್ ಛಿಲ್ಲರ್ ನಾಯಕತ್ವದ ಬುಲ್ಸ್ ತಂಡ ಯು ಮುಂಬಾಗೆ 36-30ರಿಂದ ಸೋತಿತು. ಯು ಮುಂಬಾದ ಎರಡು ಮೂಲೆಗಳನ್ನು ಕಾಯುತ್ತಿದ್ದವರು ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್. ಆ ಕಾಲದ ಅತಿ ಹೆಸರಾದ ಕಾರ್ನರ್ ಜೋಡಿ. ಮುಂದಿನ ವರ್ಷದ ಹರಾಜಿನಲ್ಲಿ ಬುಲ್ಸ್ ಮೋಹಿತ್‌ಗೆ 53 ಲಕ್ಷ ಕೊಟ್ಟಿತು. ಆ ಹರಾಜಿನ ಅತಿ ಹೆಚ್ಚಿನ ಬೆಲೆ ಅದು. ನಾಡಾ ಕೂಡ ಬಂದ, ನಾಯಕನೂ ಆದ. ಸೋಲಿಸಿದ ಜೋಡಿಯನ್ನೇ ಮನೆಗೆ ತಂದಾಯಿತು. ಇಷ್ಟಾದರೂ 2016ರ ನಾಲ್ಕನೇ ಆವೃತ್ತಿಯಲ್ಲಿ ಬುಲ್ಸ್ ಸೆಮಿಫೈನಲ್ ತಲುಪಲಿಲ್ಲ. ಅದರ ಮುಂದಿನ ವರ್ಷ ಇಬ್ಬರೂ ಹರಿಯಾಣ ಸ್ಟೀಲರ್ಸ್ ಸೇರಿದರು.

ಎರಡನೆಯದು ಆ ಹರಿಯಾಣ ತಂಡವೇ ಎಂಟು ವರ್ಷಗಳ ನಂತರ ಮಾಡಿದ್ದು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ 10ನೇ ಆವೃತ್ತಿಯ ಫೈನಲ್. ಹರಿಯಾಣ 28-25ರಿಂದ ಪುಣೇರಿ ಪಲ್ಟನ್‌ಗೆ ಸೋತಿತು. ಎದುರಿನ ಎಡ ಮೂಲೆಯಲ್ಲಿದ್ದವನು ಶಾದ್ಲೂಯಿ. ಮುಂದಿನ ಹರಾಜಿನಲ್ಲಿ ಹರಿಯಾಣ ಅವನಿಗೆ 2 ಕೋಟಿ 7 ಲಕ್ಷ ಕೊಟ್ಟು ತಂದಿತು. ಅದೇ ವರ್ಷದ ಡಿಸೆಂಬರ್ 29ರಂದು ಪುಣೆಯಲ್ಲಿ ಪಟ್ನಾವನ್ನು 32-23ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು.

ಎರಡೂ ತಂಡ ಮಾಡಿದ್ದು ಒಂದೇ ಕೆಲಸ: ಫೈನಲ್‌ನಲ್ಲಿ ತಮ್ಮನ್ನು ಕಟ್ಟಿಹಾಕಿದವನನ್ನು ಕೊಂಡುತಂದವು. ಒಂದಕ್ಕೆ ಫಲಿಸಿತು, ಒಂದಕ್ಕೆ ಫಲಿಸಲಿಲ್ಲ. ಅದೃಷ್ಟ ಎನ್ನಬಹುದು, ಆಟದಲ್ಲಿ ಅದಕ್ಕೂ ಪಾಲಿದೆ. ಆದರೆ ನನಗೆ ಕಾಣುವ ಕಾರಣ ಬೇರೆ. ಶಾದ್ಲೂಯಿ ಹರಿಯಾಣಕ್ಕೆ ಬಂದಾಗ ಅಲ್ಲಿ ಜೈದೀಪ್ ದಹಿಯಾ ಇದ್ದ, ರಾಹುಲ್ ಸೇತ್ಪಾಲ್ ಇದ್ದ. ಜೈದೀಪ್ ಹೆಸರಿಲ್ಲದ ಹೊಸ ಹುಡುಗನಾಗಿ ಆ ತಂಡಕ್ಕೆ ಬಂದು, ಅಲ್ಲೇ ಬೆಳೆದು, ಕಪ್ ಗೆದ್ದಾಗ ನಾಯಕನಾಗಿದ್ದವನು. ಕವರ್‌ನಲ್ಲಿ ಜೈದೀಪ್, ಬಲ ಮೂಲೆಯಲ್ಲಿ ರಾಹುಲ್, ಹಿಂದಿನ ಆವೃತ್ತಿಯಲ್ಲಿ ಒಟ್ಟಿಗೆ ನಿಂತು ಫೈನಲ್‌ವರೆಗೆ ಬಂದವರು. ಕೋಚ್ ಕೂಡ ಅದೇ ಮನ್‌ಪ್ರೀತ್ ಸಿಂಗ್. ಸರಪಳಿ ಮೊದಲೇ ಸಿದ್ಧವಿತ್ತು. ಕೊಂಡದ್ದು ಒಂದು ಕೊಂಡಿ. 2016ರ ಬುಲ್ಸ್‌ಗೆ ಎರಡು ತುದಿಯ ಕೊಂಡಿಗಳು ಬಂದವು, ನಡುವಿನ ಸರಪಳಿಯನ್ನು ಹೊಸದಾಗಿ ಹೆಣೆಯಬೇಕಿತ್ತು. ಕೆಲವೇ ವಾರಗಳ ಶಿಬಿರದಲ್ಲಿ ಆಗುವ ಕೆಲಸ ಅದಲ್ಲ.

ಇದೇ ನನ್ನ ಇಂದಿನ ಮಾತಿನ ತಿರುಳು. ರೈಡರ್‌ನನ್ನು ಕೊಳ್ಳಬಹುದು, ಅವನು ಒಬ್ಬನೇ ಹೋಗುತ್ತಾನೆ, ಒಬ್ಬನೇ ಬರುತ್ತಾನೆ, ತನ್ನ ವಿದ್ಯೆಯನ್ನು ಜೊತೆಯಲ್ಲೇ ಹೊತ್ತು ತರುತ್ತಾನೆ. ರಕ್ಷಣೆಯನ್ನು ಬೆಳೆಸಬೇಕು. ಬೆಳೆಸಿದ ರಕ್ಷಣೆಗೆ ಒಬ್ಬ ನುರಿತವನನ್ನು ಕೊಂಡು ಸೇರಿಸಿದರೆ ಅವನ ಬೆಲೆ ಹುಟ್ಟುತ್ತದೆ. ಬೆಳೆಸದ ತಂಡಕ್ಕೆ ತಂದರೆ ಅವನ ಹೆಸರಷ್ಟೇ ಬರುತ್ತದೆ. ದತ್ತಿಯ ಹಣದ ಲೆಕ್ಕ ಬಲ್ಲ ನಿಮಗೆ ಇದು ಬೇಗ ತಿಳಿಯುತ್ತದೆ: ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಕಾರ್ಯಕ್ರಮ ನಡೆಸುತ್ತೀರಿ. ಬೆಳೆಸಿದ ಹುಡುಗರು ಅಸಲು. ಅಸಲೇ ಇಲ್ಲದವನು ಪ್ರತಿ ವರ್ಷವೂ ಸಾಲ ತಂದು ಹಬ್ಬ ಮಾಡಬೇಕಾಗುತ್ತದೆ.

ಕನ್ನಡಿಗ ಕೋಚ್ ಒಬ್ಬರ ಪಾಠ

ಶಾದ್ಲೂಯಿಯನ್ನು ಇಟ್ಟುಕೊಂಡು ಪುಣೇರಿ ಪಲ್ಟನ್ ಕಪ್ ಗೆದ್ದಾಗ ಅಂಕಣದ ಪಕ್ಕದಲ್ಲಿದ್ದ ಕೋಚ್ ನಮ್ಮವರು, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಅದಕ್ಕೂ ಮುಂಚೆ 2019ರ ಏಳನೇ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್ ಅವರ ಕೈಯಲ್ಲೇ ಕಪ್ ಗೆದ್ದಿತ್ತು.

2022ರಲ್ಲೂ ಪುಣೆ ತಂಡದ ಕೋಚ್ ರಮೇಶ್ ಅವರೇ. ಆ ವರ್ಷ ಎಡ ಮೂಲೆಗೆ 1 ಕೋಟಿ 38 ಲಕ್ಷ ಕೊಟ್ಟು ತಂದ ಫಝಲ್ ಅತ್ರಾಚಲಿ ನಾಯಕ. ಅವನ ಸುತ್ತ ಸಂಕೇತ್ ಸಾವಂತ್, ಗೌರವ್ ಖತ್ರಿ, ಅಭಿನೇಶ್ ನಟರಾಜನ್ ಮುಂತಾದ ಎಳೆಯರು. ತಂಡ ಫೈನಲ್‌ಗೆ ಬಂದು ಜೈಪುರಕ್ಕೆ 33-29ರಿಂದ ಸೋತಿತು. ಮುಂದಿನ ಆವೃತ್ತಿಗೆ ಫಝಲ್ ಇರಲಿಲ್ಲ. ಅಂಥ ನಾಯಕ ಹೋದರೆ ತಂಡ ಕುಸಿಯಬೇಕಲ್ಲವೇ? ಕುಸಿಯಲಿಲ್ಲ. ಎಳೆಯರು ಅಲ್ಲೇ ಇದ್ದರು, ಒಂದು ವರ್ಷ ಫಝಲ್‌ನ ಪಕ್ಕದಲ್ಲಿ ನಿಂತು ಕಲಿತಿದ್ದರು. ಮೂಲೆಗೆ ಶಾದ್ಲೂಯಿ ಬಂದ, ಕಪ್ ಬಂತು.

ಅಂದರೆ ದೊಡ್ಡ ಬೆಲೆಯ ಡಿಫೆಂಡರ್‌ನಿಂದ ತಂಡ ಪಡೆಯಬೇಕಾದದ್ದು ಅವನ ಟ್ಯಾಕಲ್ ಅಂಕಗಳನ್ನು ಮಾತ್ರ ಅಲ್ಲ. ಪಕ್ಕದ ಹುಡುಗನಿಗೆ ಅವನು ಯಾವಾಗ ‘ತಡಿ’ ಎನ್ನುತ್ತಾನೆ, ಯಾವಾಗ ಕೈ ಎಳೆದು ಸನ್ನೆ ಮಾಡುತ್ತಾನೆ ಎಂಬ ವಿವೇಕವನ್ನೂ ಪಡೆಯಬೇಕು. ಅವನು ಬೇರೆ ತಂಡಕ್ಕೆ ಹೋದಾಗ ಅಂಕಗಳು ಅವನ ಜೊತೆ ಹೋಗುತ್ತವೆ, ವಿವೇಕ ಉಳಿಯುತ್ತದೆ. ಉಳಿಸಿಕೊಳ್ಳಲು ಕಲಿಯುವ ಹುಡುಗರು ಇರಬೇಕು ಅಷ್ಟೇ.

ಆಚೆ ಬದಿಯ ಮಾತು

ಇಷ್ಟು ಹೇಳಿ ಖರೀದಿಯನ್ನು ಪೂರ್ತಿ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಬೆಳೆಸುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಮಾಲೀಕನಿಗೆ, ಅಭಿಮಾನಿಗೆ, ಕೋಚ್‌ನ ಕೆಲಸಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಮಂಡಿ, ಭುಜ ಒಮ್ಮೆ ಕೆಟ್ಟರೆ ಬೆಳೆಸಿದ್ದೆಲ್ಲ ನೆಲಕ್ಕೆ. ಬೆಳೆದ ಮೇಲೆ ಹುಡುಗ ಹರಾಜಿಗೆ ಹೋಗಿ ಬೇರೆಯವರ ಪಾಲಾಗುವುದೂ ಉಂಟು.

ಬುಲ್ಸ್‌ನದೇ ಇತ್ತೀಚಿನ ಉದಾಹರಣೆ ನನ್ನ ವಾದಕ್ಕೆ ಅಡ್ಡ ನಿಲ್ಲುತ್ತದೆ. 2018-19ರಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಗೆದ್ದ ತಂಡ, 2024ರ 11ನೇ ಆವೃತ್ತಿಯಲ್ಲಿ ಎರಡೇ ಪಂದ್ಯ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. 2025ರಲ್ಲಿ ರಮೇಶ್ ಅವರೇ ಬುಲ್ಸ್‌ನ ಮುಖ್ಯ ಕೋಚ್ ಆದರು. ತಂಡ ಡಿಫೆಂಡರ್‌ಗಳಿಗೇ ಕೈ ಬಿಚ್ಚಿ ಖರ್ಚು ಮಾಡಿತು: ಯೋಗೇಶ್ ದಹಿಯಾಗೆ 1 ಕೋಟಿ 12.5 ಲಕ್ಷ, ಅಂಕುಶ್ ರಾಠಿಗೆ 90 ಲಕ್ಷ. ಕೊನೆಯಲ್ಲಿದ್ದ ತಂಡ ಪ್ಲೇಆಫ್ ತಲುಪಿತು. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಲು ಖರೀದಿ ಬೇಕು, ನಿಜ. ಕಪ್ ಮಾತ್ರ ಬರಲಿಲ್ಲ. ಈ ಜೋಡಿಯನ್ನು ಇನ್ನೆರಡು ವರ್ಷ ಕದಲಿಸದೆ ಇಟ್ಟುಕೊಂಡು ಪಕ್ಕದಲ್ಲಿ ಹುಡುಗರನ್ನು ನಿಲ್ಲಿಸಿದರೆ ನಾನು ಹೇಳಿದ್ದಕ್ಕೆ ಇನ್ನೊಂದು ಪರೀಕ್ಷೆ ಸಿಗುತ್ತದೆ.

ಹೊರಗಿನ ದೇಶದ ಒಂದು ಉದಾಹರಣೆ ಕೊಟ್ಟು ಊರಿಗೆ ಬರುತ್ತೇನೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡನ್ನು ಕಂಕುಳಲ್ಲಿಟ್ಟು ಓಡುತ್ತಾರೆ. ಓಡುವವನನ್ನು ಕೆಡವಲು ಮುಂಚೂಣಿಯ ಹಿಂದೆ ನಿಲ್ಲುವವರು ಲೈನ್‌ಬ್ಯಾಕರ್‌ಗಳು. ನಮ್ಮ ಕವರ್, ಕಾರ್ನರ್ ಕೆಲಸ ಸೇರಿಸಿದಂತೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಕಾಲೇಜು ಹುಡುಗರ ಆಯ್ಕೆಯಲ್ಲಿ 1971ರಲ್ಲಿ ಜ್ಯಾಕ್ ಹ್ಯಾಮ್‌ನನ್ನು, 1974ರಲ್ಲಿ ಜ್ಯಾಕ್ ಲ್ಯಾಂಬರ್ಟ್‌ನನ್ನು ಎರಡನೇ ಸುತ್ತಿನಲ್ಲಿ ತೆಗೆದುಕೊಂಡಿತು. ಇಬ್ಬರೂ ಲೈನ್‌ಬ್ಯಾಕರ್‌ಗಳು, ಇಬ್ಬರೂ ಕೊನೆಯವರೆಗೂ ಅದೇ ತಂಡದಲ್ಲಿ ಆಡಿದರು. 1975ರಿಂದ 1980ರ ನಡುವೆ ಆ ತಂಡ ಸೂಪರ್ ಬೌಲ್ ಎಂಬ ಫೈನಲ್ ಅನ್ನು ನಾಲ್ಕು ಸಲ ಗೆದ್ದಿತು. 1993ರಲ್ಲಿ ಅಲ್ಲಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಬಂತು, ಮರುವರ್ಷ ಸಂಬಳದ ಒಟ್ಟು ಮಿತಿಯೂ ಬಂತು. ಹೊಸದಾಗಿ ಆಯ್ಕೆಯಾದವನ ಮೊದಲ ವರ್ಷಗಳ ಸಂಬಳ ಕಡಿಮೆ. ಬೆಳೆಸುವ ತಂಡದ ಕೈಯಲ್ಲಿ ಉಳಿದ ಹಣದಿಂದ ಬೇಕಾದ ಒಬ್ಬಿಬ್ಬರನ್ನು ಕೊಳ್ಳಬಹುದು. ದೇಶ ಬೇರೆ, ಆಟ ಬೇರೆ, ಲೆಕ್ಕ ಅದೇ.

ಬೆಳೆಸುವವರು ಯಾರು

ತಂಡಗಳು ಬೆಳೆಸಬೇಕು ಎಂದು ಹೇಳುವಾಗ ಒಂದು ಸತ್ಯ ಮರೆಯಬಾರದು. ತಂಡದ ಕೈಗೆ ಹುಡುಗ ಬರುವಾಗಲೇ ಅವನಿಗೆ 18, 19 ವಯಸ್ಸು. ಅದಕ್ಕೆ ಮುಂಚಿನ ಏಳೆಂಟು ವರ್ಷ ಅವನನ್ನು ಬೆಳೆಸಿದವರು ಬೇರೆ: ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕ, ಊರಿನ ಯುವಕ ಸಂಘ, ಕ್ರೀಡಾ ಇಲಾಖೆಯ ವಸತಿ ನಿಲಯದ ತರಬೇತುದಾರ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಿಸುವ ಶಾಲಾ ಕ್ರೀಡಾಕೂಟ, ಮೈಸೂರಿನಲ್ಲಿ ಮುಗಿಯುವ ದಸರಾ ಕ್ರೀಡಾಕೂಟ, ಇವೇ ಅವರ ಹರಾಜುಕಟ್ಟೆ.

ಕರ್ನಾಟಕದಲ್ಲಿ ಕಬಡ್ಡಿಯ ಹೆಸರು ಹೇಳಿದರೆ ಕರಾವಳಿ ಮೊದಲು ನೆನಪಾಗುತ್ತದೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಿಂದ ಬಂದ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, 2014ರ ಅರ್ಜುನ ಪ್ರಶಸ್ತಿ ವಿಜೇತೆ. ಅವರಿಗೆ ಕೆಲಸ ಕೊಟ್ಟದ್ದು ದಕ್ಷಿಣ ಮಧ್ಯ ರೈಲ್ವೆ. ಲೀಗ್ ಬರುವ ಮುಂಚೆ ಆಟಗಾರರನ್ನು ಕೊಳ್ಳುವುದು ಎಂದರೆ ಇದೇ ಆಗಿತ್ತು: ರೈಲ್ವೆ, ಪೊಲೀಸ್, ಬ್ಯಾಂಕುಗಳು ನೌಕರಿ ಕೊಟ್ಟು ಸೆಳೆಯುತ್ತಿದ್ದವು. ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಈ ನಾಡಿನ ಹೆಸರಿನಲ್ಲಿ ಕಬಡ್ಡಿ ಆಡಿಸುತ್ತಿದ್ದ ಎರಡು ಮನೆಗಳು ಮುಚ್ಚಿದಂತಾಯಿತು. ನೌಕರಿಯ ದಾರಿ ಕಿರಿದಾಗುತ್ತಿರುವಾಗ ಹರಾಜಿನ ದಾರಿಯೇ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಚಿತ್ರದುರ್ಗದಲ್ಲಿ ನಿಂತು ಈ ಮಾತು ಆಡುವಾಗ ಹಳೆಯ ಸಂಗತಿಯೊಂದು ತಲೆಗೆ ಬರುತ್ತದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಮೇಲೆ ಇಲ್ಲಿನ ಬೇಡ ಜನರಲ್ಲಿ 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಸೇರಿಸಿ ಚೇಲಾ ಪಟಾಲಂಗಳನ್ನು ಕಟ್ಟಲಾಯಿತು ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಆ ಪಡೆಗಳು ಮುಂದಿನ ಯುದ್ಧಗಳಲ್ಲಿ ತುಂಬ ಉಪಯೋಗಕ್ಕೆ ಬಂದವಂತೆ. ಅಂದಿನದು ಬಲವಂತ, ಇಂದಿನದು ಮಕ್ಕಳ ಸ್ವಂತ ಇಚ್ಛೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಒಳ್ಳೆಯ ಕಾವಲುಗಾರ ಎಲ್ಲಿ ಹುಟ್ಟುತ್ತಾನೆ ಎಂದು ದೂರದವರು ಬಲ್ಲರು, ಹುಟ್ಟಿದ ಊರಿಗೆ ಅದರ ಪಾಲು ಮಾತ್ರ ಬಂದಿಲ್ಲ ಎನ್ನುವುದಷ್ಟೇ ನನ್ನ ಮಾತು.

ಜೊತೆಗೆ ಒಂದು ಭ್ರಮೆಯನ್ನೂ ಬಿಡಬೇಕು. ಹೊಸದುರ್ಗ, ಹೊಳಲ್ಕೆರೆಯ ತೋಟಗಳಲ್ಲಿ ಅಡಿಕೆ ಗೊನೆ ಹೊತ್ತವನು, ವಾಣಿವಿಲಾಸ ಸಾಗರದ ನಾಲೆಯ ಕೆಳಗೆ ಗದ್ದೆ ಕೆಲಸ ಮಾಡಿದವನು ಹುಟ್ಟು ಬಲಶಾಲಿ, ಅವನಿಗೆ ತರಬೇತಿ ಯಾಕೆ ಎನ್ನುವವರಿದ್ದಾರೆ. ಬಲ ಇರಬಹುದು. ಆದರೆ ಲೀಗಿನಲ್ಲಿ 85 ಕಿಲೋ ತೂಕದ ಮಿತಿ ಇದೆ, ಬರಿಯ ಬಲಕ್ಕೆ ಅಲ್ಲಿ ಹೆಚ್ಚಿನ ಬೆಲೆ ಇಲ್ಲ. ನಮ್ಮ ಹುಡುಗರು ಬರಿಗಾಲಲ್ಲಿ ಮಣ್ಣಿನ ಅಂಕಣದಲ್ಲಿ ಆಡಿ ಬೆಳೆಯುತ್ತಾರೆ. ದೊಡ್ಡ ಆಟವೆಲ್ಲ ಮ್ಯಾಟ್ ಮೇಲೆ, ಬೂಟು ಹಾಕಿಕೊಂಡು. ಮಣ್ಣಿನಲ್ಲಿ ರೈಡರ್ ತಿರುಗುವಾಗ ಕಾಲು ಜಾರುತ್ತದೆ, ಹಿಡಿಯುವವನಿಗೆ ಒಂದು ಗಳಿಗೆ ಹೆಚ್ಚು ಸಿಗುತ್ತದೆ. ಮ್ಯಾಟ್ ಮೇಲೆ ಬೂಟು ಕಚ್ಚಿಕೊಳ್ಳುತ್ತದೆ, ಆ ಗಳಿಗೆ ಇಲ್ಲ. ಮಣ್ಣಿನ ಹುಲಿ ಮ್ಯಾಟ್ ಮೇಲೆ ಮೊದಲ ಸಲ ಆಂಕಲ್ ಹೋಲ್ಡ್‌ಗೆ ಬಗ್ಗಿ ಗಾಳಿ ಹಿಡಿದು ಏಳುವುದು ಇದಕ್ಕೇ. ರೈಡರ್‌ಗೆ ಮ್ಯಾಟ್ ಅನುಕೂಲ. ಡಿಫೆಂಡರ್‌ಗೆ ಅದು ಹೊಸ ಪಾಠ. ಆ ಪಾಠ ರಾಜ್ಯಮಟ್ಟದಲ್ಲಿ ಶುರುವಾದರೆ ತಡವಾಯಿತು, ತಾಲ್ಲೂಕಿನಲ್ಲೇ ಶುರುವಾಗಬೇಕು.

ಮಾಡಬಹುದಾದದ್ದು

ಉಪದೇಶಕ್ಕಿಂತ ಕೆಲಸದ ಪಟ್ಟಿ ಮೇಲು. ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಹೈಸ್ಕೂಲು ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಮ್ಯಾಟ್ ಮೇಲೆ ಆಡುವ ಅವಕಾಶ ಇರಬೇಕು. ಇಲ್ಲಿನ ವೀರವನಿತೆ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹಿರಿಯೂರು, ಹೊಸದುರ್ಗದ ಹುಡುಗಿ ಬಸ್ಸು ಹಿಡಿದು ಬಂದು ಕತ್ತಲಾಗುವ ಮುಂಚೆ ಮನೆ ಸೇರಲಾರಳು. ಮ್ಯಾಟೇ ಅವಳ ತಾಲ್ಲೂಕಿಗೆ ಹೋಗಲಿ.

ಎರಡು, ಲೆಕ್ಕ ಇಡಿ. ಯಾವ ಶಾಲೆಯ ಯಾವ ಮಗು ಯಾವ ವರ್ಷ ಯಾರ ಕೈಯಲ್ಲಿ ಕಲಿತಿತು ಎಂಬ ದಾಖಲೆ. ಫಿಫಾ ನಿಯಮದಲ್ಲಿ, ಒಪ್ಪಂದದ ನಡುವೆ ಫುಟ್‌ಬಾಲ್ ಆಟಗಾರ ಹಣಕ್ಕೆ ತಂಡ ಬದಲಿಸಿದರೆ ಆ ಹಣದ ಶೇ 5ರಷ್ಟು, 12ರಿಂದ 23ರ ವಯಸ್ಸಿನಲ್ಲಿ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಕಬಡ್ಡಿಯಲ್ಲೂ ಇಂಥದ್ದನ್ನು ಕೇಳಬೇಕು. 9 ಲಕ್ಷಕ್ಕೆ ಹೋದ ಹುಡುಗನ ಶೇ 5 ಎಂದರೆ 45,000 ರೂಪಾಯಿ. ತಂಡಕ್ಕೆ ಅದು ಚಿಲ್ಲರೆ. ಒಂದು ಪ್ರೌಢಶಾಲೆಯ ತಂಡಕ್ಕೆ ಬೂಟು, ಮಂಡಿಪಟ್ಟಿ, ಪ್ರಯಾಣದ ಖರ್ಚು. ಆದರೆ ಪಾಲು ಕೇಳಬೇಕಾದರೆ ಬೆಳೆಸಿದ್ದಕ್ಕೆ ಕಾಗದ ಇರಬೇಕು.

ಮೂರು, ಜಾತ್ರೆಗೆ, ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ನಡೆಸುವ ಯುವಕ ಸಂಘಗಳಿಗೆ ಒಂದು ಕೋರಿಕೆ. ಹೊರಗಿನಿಂದ ಹಣ ಕೊಟ್ಟು ಆಟಗಾರರನ್ನು ಕರೆಸುವುದು ನಮ್ಮಲ್ಲೂ ಉಂಟು. ಏಳರಲ್ಲಿ ಐವರನ್ನು ಕರೆಸಿ ಊರಿನ ಹೆಸರಿನ ಬನಿಯನ್ ಹಾಕಿಸಿದರೆ ಕಪ್ ಬರಬಹುದು, ಊರಿನ ಹುಡುಗ ಬೇಲಿಯ ಹೊರಗೇ ಉಳಿಯುತ್ತಾನೆ. ಇಬ್ಬರಿಗಿಂತ ಹೆಚ್ಚು ಹೊರಗಿನವರು ಬೇಡ ಎಂದು ನಿಯಮ ಮಾಡಿ. ಬಂದ ಇಬ್ಬರು ಪಂದ್ಯದ ದಿನ ಬೆಳಿಗ್ಗೆ ಎರಡು ಗಂಟೆ ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕು ಎಂದು ಸಂಭಾವನೆಯ ಮಾತಿನಲ್ಲೇ ಸೇರಿಸಿ. ಪುಣೆಯ ತಂಡ ಫಝಲ್‌ನಿಂದ ಪಡೆದದ್ದನ್ನು ಹಳ್ಳಿಯೂ ಪಡೆಯಬಹುದು.

ನಾಲ್ಕು, ಬಹುಮಾನ. ಈಗ ಉತ್ತಮ ರೈಡರ್, ಉತ್ತಮ ಕ್ಯಾಚರ್, ಸವ್ಯಸಾಚಿ ಎಂದು ಕೊಡುತ್ತೀರಿ. ಅವುಗಳ ಜೊತೆಗೆ ‘ಉತ್ತಮ ಜೋಡಿ’ ಎಂದು ಇನ್ನೊಂದನ್ನು ಸೇರಿಸಿ: ಒಬ್ಬ ಕಾರ್ನರ್, ಅವನ ಪಕ್ಕದ ಕವರ್, ಇಬ್ಬರಿಗೂ ಸಮನಾಗಿ. ಅಂಕ ಬರೆಯುವವರು ಪ್ರತಿ ಹಿಡಿತದಲ್ಲಿ ಮೊದಲ ಕೈ ಯಾರದು, ಎರಡನೆಯ ಕೈ ಯಾರದು ಎಂದು ಎರಡು ಹೆಸರು ಬರೆಯಲಿ. ಲೀಗಿನ ಅಂಕಪಟ್ಟಿ ಬರೆಯದ ಆ ಎರಡನೆಯ ಹೆಸರನ್ನು ನಾವು ಬರೆಯಲು ಶುರು ಮಾಡಿದರೆ, ಯಾರನ್ನು ಬೆಳೆಸಬೇಕು ಎಂಬುದು ನಮಗೇ ಮೊದಲು ತಿಳಿಯುತ್ತದೆ. ಈ ಕೊನೆಯ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ದತ್ತಿಯ ಹಣವೂ ಬೇಕಿಲ್ಲ. ಒಂದು ನೋಟ್‌ಪುಸ್ತಕ ಸಾಕು. ಬರುವ ಹಬ್ಬದ ಪಂದ್ಯಾವಳಿಯಿಂದಲೇ ಶುರು ಮಾಡಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.